ಗುರುತು ಅಳಿಸುತ್ತಿದ್ದ ಮುದುಕಿ

"ಗುರುಗಳೇ, ಅಣ್ಣನ ಹೃದಯದ ಗೋಡೆ ದಪ್ಪವಾಗಿತ್ತಂತೆ. ದಪ್ಪವಾದದ್ದು ಗಟ್ಟಿಯಾಗಿರಬೇಕಲ್ಲವೇ? ಅವನೇಕೆ ಸತ್ತ?" ಎಂದು ಮುದ್ದರಂಗ ಕೇಳಿದ.

ಅವನು ವೈದ್ಯಕೀಯ ಕಲಿಯಲು ಬಂದವನು. ಅಣ್ಣ ದವಸದ ಮಂಡಿಯಲ್ಲಿ ಮೂಟೆ ಹೊತ್ತು ಇವನನ್ನು ಓದಿಸಿದ್ದ. ರಕ್ತದೊತ್ತಡಕ್ಕೆ ಎರಡು ವರ್ಷ ಮಾತ್ರೆ ನುಂಗಿ ಆಮೇಲೆ ನಿಲ್ಲಿಸಿದ್ದ ಎಂಬುದನ್ನೂ ಮುದ್ದರಂಗ ಹೇಳಿದ. "ಒತ್ತಡ ಇಳಿದಿದೆಯಲ್ಲ, ಇನ್ನೇಕೆ ಮಾತ್ರೆ?" ಎಂದು ಬಿಡಿಸಿದವನು ತಾನೇ ಎಂಬುದನ್ನು ಮಾತ್ರ ಹೇಳಲಿಲ್ಲ. ತಪ್ಪೆಲ್ಲ ದೇಹದೊಳಗಿನ ಯಾವುದೋ ಕಿಣ್ವದ್ದು ಎಂದು ಗುರುಗಳು ಅಂದುಬಿಟ್ಟರೆ ಅವನಿಗೆ ಸಾಕಾಗಿತ್ತು.

ಗುರುಗಳು ಹೇಳಿದರು: ಹೃದಯದ ಒಂದೊಂದು ಜೀವಕೋಶದಲ್ಲೂ ಒತ್ತಡ ಏರಿದಾಗ 'ಬೆಳೆ' ಎಂದು ಗುರುತು ಹಚ್ಚುವ ಕಿಣ್ವ ಇದೆ, ಅದನ್ನು ಅಳಿಸುವ ಕಿಣ್ವವೂ ಇದೆ; ಮಾತ್ರೆ ಒತ್ತಡ ತಗ್ಗಿಸಿದರೆ ಅಳಿಸುವುದರ ಕೈ ಮೇಲಾಗುತ್ತದೆ. ಈಗ ಕತೆ ಕೇಳು.

ಹೊಳೆಯ ದಡದಲ್ಲಿ ಒಬ್ಬ ರೈತನಿದ್ದ. ಒಂದೇ ಕೋಣೆಯ ಮಣ್ಣಿನ ಮನೆ. ಹೊಳೆ ಏರಿದರೆ ಕಾವಲಿನವನು ಬಂದು ಬಾಗಿಲಿಗೆ ಸುಣ್ಣದ ಗುರುತು ಹಚ್ಚುತ್ತಿದ್ದ. ಗುರುತು ಇರುವಷ್ಟು ದಿನ ಮನೆಯವರು ಗೋಡೆಗೆ ದಿನಕ್ಕೊಂದು ಪದರ ಮಣ್ಣು ಮೆತ್ತಬೇಕು. ಹೊರಗೆ ಮೆತ್ತಿದರೆ ಹೊಳೆ ನೆಕ್ಕಿಬಿಡುತ್ತದೆ, ಆದ್ದರಿಂದ ಒಳಗೇ. ಅವರು ನೋಡುತ್ತಿದ್ದದ್ದು ಹೊಳೆಯನ್ನಲ್ಲ, ಗುರುತನ್ನು. ನೀರು ಇಳಿದ ಮೇಲೆ ಒಬ್ಬ ಮುದುಕಿ ಒದ್ದೆ ಬಟ್ಟೆ ಹಿಡಿದು ಬಂದು ಅಳಿಸುತ್ತಿದ್ದಳು. ಅದಕ್ಕೆ ಮನೆಗೊಂದು ಸೇರು ರಾಗಿ.

ಕೆಲವು ವರ್ಷ ಹೊಳೆ ಸುಮ್ಮನಿತ್ತು. ಬಾಗಿಲು ಒರೆಸುವುದೂ ಒಂದು ಕೆಲಸವೇ, ಕೂತು ಉಣ್ಣುವವಳಿಗೆ ರಾಗಿ ಯಾಕೆ ಎಂದು ಎಲ್ಲರಿಗಿಂತ ಜೋರಾಗಿ ಹೇಳಿದವನು ಈ ರೈತನೇ. ಮುದುಕಿ ಒಂದೇ ಮಾತು ಕೇಳಿದಳು: "ಹಚ್ಚುವವನು ಇದ್ದಾನಪ್ಪ, ಸಾಕು ಅನ್ನುವವರು ಯಾರು?" ಊರವರು ರಾಗಿ ನಿಲ್ಲಿಸಿಬಿಟ್ಟರು. ಪಾಪ, ಗಂಟು ಕಟ್ಟಿಕೊಂಡು ಹೋದಳು.

ಮುಂದಿನ ಮಳೆಗಾಲ ಹೊಳೆ ಏರಿತು, ಇಳಿಯಿತು. ಗುರುತು ಉಳಿಯಿತು. ಬೇರೆಯವರ ಕೈಯಿಂದ ಅಳಿಸುವುದು ಪದ್ಧತಿಯಲ್ಲ. ರೈತ ದಿನವೂ ಮಣ್ಣು ಮೆತ್ತಿದ. ಬಂದವರು ಗೋಡೆ ತಟ್ಟಿ ಭೇಷ್ ಅಂದರು, ಅವನೂ ಉಬ್ಬಿದ. ಮೊದಲು ಮಂಚ ಹೊರಗೆ ಹೋಯಿತು, ಆಮೇಲೆ ಕಾಳಿನ ಗುಡಾಣ, ಕೊನೆಗೆ ಒಲೆ. ಹೆಂಡತಿ ದಡದಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡತೊಡಗಿದಳು. ಒಂದು ಮಧ್ಯಾಹ್ನ ಹೊಳೆ ಒಮ್ಮೆಲೇ ನುಗ್ಗಿತು. ಅವಳು ಓಡಿಬಂದಳು. ಒಳಗೆ ಒಬ್ಬರು ನಿಲ್ಲುವಷ್ಟೇ ಜಾಗವಿತ್ತು, ಅಲ್ಲಿ ಅವನು ನಿಂತಿದ್ದ. ಗೋಡೆಗೆ ಒಂದು ಬಿರುಕೂ ಬರಲಿಲ್ಲ. ಹೆಂಡತಿ ಕೊಚ್ಚಿಹೋದಳು.

ಮುದ್ದರಂಗ, ಗೋಡೆ ಒಳಕ್ಕೆ ಬೆಳೆದು ಅಣ್ಣನ ಹೃದಯದಲ್ಲೂ ರಕ್ತಕ್ಕೆ ಜಾಗ ಉಳಿಯಲಿಲ್ಲ ಎಂದು ಅರ್ಥವಾಯಿತು ಅಂದ. ಆಮೇಲೆ ಉಸಿರು ಬಿಟ್ಟು, "ಹಾಗಾದರೆ ತಪ್ಪು ಗುರುತು ಹಚ್ಚಿದವನದು" ಅಂದ.

ಗುರುಗಳು ಅವನ ಮುಖವನ್ನೇ ನೋಡಿದರು.

"ಹಚ್ಚಿದವನು ಇರಲಿ ಮುದ್ದರಂಗ, ನಿಮ್ಮ ಮನೆಯಲ್ಲಿ ಮುದುಕಿಯ ರಾಗಿ ನಿಲ್ಲಿಸಿದವರು ಯಾರು?"