ಹಾಲ್ವರ್ ಮಹಾರಾಜರ ಒಂಟಿ ರಾಜ್ಯಭಾರ

ಸ್ಕೋರ್ವಿಕ್ ದೇಶವನ್ನು ನಮ್ಮ ಭೂಪಟದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಅದು ಬೇರೊಂದು ಲೋಕದ ಉತ್ತರದ ತುದಿಯಲ್ಲಿದೆ. ಅಲ್ಲಿ ಸೀನಬೇಕಾದರೂ ಬೆಂಕಿಯ ಹತ್ತಿರ ಹೋಗಬೇಕು, ಅಷ್ಟು ಚಳಿ.

ಆ ದೇಶದಲ್ಲೊಂದು ಕಟ್ಟಳೆಯಿತ್ತು. ಕಡಲ ದಡಕ್ಕೆ ಮೊದಲು ಕಾಲಿಟ್ಟವರ ವಂಶಕ್ಕೇ ದಡ ಸೇರಬೇಕು. ಮೊದಲು ಬಂದವರು ಮೀನು ಒಣಗಿಸುವ ಹೆಂಗಸರು. ಹಾಗಾಗಿ ಅವರ ಮೊಮ್ಮಕ್ಕಳು ಅಲ್ಲೇ ಮೀನು ಹರವಿಕೊಂಡು ಬದುಕುತ್ತಿದ್ದರು.

ರಾಜ ಐವಾರನಿಗೆ ಆ ದಡದ ಮೇಲೆ ಕಣ್ಣು ಬಿತ್ತು. ಅಲ್ಲೊಂದು ಸ್ನಾನದ ಅರಮನೆ ಕಟ್ಟಿಸಬೇಕು ಅಂತ ಆಸೆ. ಚರಿತ್ರೆ ಬರೆಯುವ ರಗ್ನಾಳನ್ನು ಕರೆಸಿದ.

ರಗ್ನಾ ಅದೇ ದಡದಲ್ಲಿ ಮೀನು ಸೀಳುತ್ತ ಬೆಳೆದವಳು. ಪೀಪಾಯಿಗಳ ಮೇಲಿನ ಬರಹ ನೋಡಿ ನೋಡಿ ತಾನಾಗಿಯೇ ಓದು ಕಲಿತು ಅರಮನೆ ಸೇರಿದವಳು. ಅಕ್ಕತಂಗಿಯರು ಇನ್ನೂ ದಡದಲ್ಲೇ ಇದ್ದರು.

"ಹೊಸ ಚರಿತ್ರೆ ಬರೆ. ಮೊದಲು ಬಂದವರು ನಮ್ಮ ಮೂಲಪುರುಷ ಹಾಲ್ವರ್ ಮಹಾರಾಜರು."

"ಜೊತೆಗೆ ಯಾರು ಬಂದರು ಪ್ರಭು?"

"ಒಂದು ನರಪಿಳ್ಳೆಯೂ ಬರಲಿಲ್ಲ! ನೂರು ವರ್ಷ ಈ ನೆಲದಲ್ಲಿ ಅವರೊಬ್ಬರೇ!"

"ಒಬ್ಬರೇ?"

"ಒಬ್ಬರೇ! ಒಂದಕ್ಷರ ಆಚೀಚೆ ಆದರೆ ನಿನ್ನ ಕೆಲಸ ಹೋಯಿತು."

"ಅಪ್ಪಣೆ" ಎಂದಳು ರಗ್ನಾ. ತುಟಿಯಂಚಿನಲ್ಲೇ ನಕ್ಕು ಲೇಖನಿ ಎತ್ತಿಕೊಂಡಳು.

ವಾರ ಕಳೆದು ತುಂಬಿದ ಸಭೆಯಲ್ಲಿ ಓದಿದಳು:

"ಹಾಲ್ವರ್ ಮಹಾರಾಜರು ತಾವೇ ದೋಣಿಗೆ ಹುಟ್ಟು ಹಾಕಿಕೊಂಡು ಬಂದರು. ದಡಕ್ಕಿಳಿದು ತಮಗೆ ತಾವೇ ಜೈಕಾರ ಹಾಕಿದರು."

ರಾಜ ಮೀಸೆ ತಿರುವಿದ.

"ಹಸಿವಾಗಿ ಅಡುಗೆಯವನನ್ನು ಕೂಗಿದರು. 'ಬಂದೆ ಬುದ್ಧೀ' ಎಂದು ತಾವೇ ಓಡಿಬಂದರು. ಸಾರು ಸೀದಿತ್ತು. ತಮ್ಮ ಕಪಾಳಕ್ಕೆ ತಾವೇ ಬಾರಿಸಿದರು."

ಸಭೆಯಲ್ಲಿ ಯಾರೋ ಕಿಸಕ್ಕೆಂದರು.

"ಮರುವರ್ಷ ಪ್ರಜೆಗಳು ದಂಗೆ ಎದ್ದರು."

"ಯಾವ ಪ್ರಜೆಗಳು?" ರಾಜ ಬೆಚ್ಚಿದ.

"ಅವರೇ ಪ್ರಭು, ಬೇರೆ ಯಾರಿದ್ದರು? ದಂಗೆಯನ್ನು ತಾವೇ ಅಡಗಿಸಿ, ತಮ್ಮನ್ನು ತಾವೇ ಸೆರೆಗೆ ಹಾಕಿದರು. ಬೀಗದ ಕೈ ಹೊರಗೇ ಉಳಿಯಿತು."

"ಸಾಕು! ರಾಜ್ಯಭಾರ ಬಿಡು, ಅವರ ಮದುವೆಯ ವೈಭವ ಓದು."

ರಗ್ನಾ ಹಾಳೆ ತಿರುಗಿಸಿ ತೋರಿಸಿದಳು. ಖಾಲಿ.

"ಮದುವೆ ಆಗಲಿಲ್ಲ ಪ್ರಭು."

"ಅಂಥ ವೀರನಿಗೆ? ಯಾಕೆ?"

"ಹೆಣ್ಣು ಕೊಡುವವರೇ ಇರಲಿಲ್ಲವಲ್ಲ! ಹೆಣ್ಣೂ ಇರಲಿಲ್ಲ. ನೂರು ವರ್ಷ."

"ಮತ್ತೆ ನಾನು ಎಲ್ಲಿಂದ ಬಂದೆ?"

"ಅದು ತಿಳಿಯದೆ ಲೇಖನಿ ಕೆಳಗಿಟ್ಟೆ. ಸಭೆಯ ಮುಂದೆ ಪ್ರಭುಗಳೇ ಹೇಳಿದರೆ ಬರೆದುಕೊಳ್ಳುತ್ತೇನೆ."

ಸಭೆಯೆಲ್ಲ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿತು. ರಾಜನ ಮುಖ ಬೇಯಿಸಿದ ಸಿಗಡಿಯ ಹಾಗೆ ಕೆಂಪಾಯಿತು.

"ಹಳೆಯ ಚರಿತ್ರೆಯಲ್ಲಿ ಏನಿದೆ?" ಎಂದ ಮೆಲ್ಲಗೆ.

"ಹಾಲ್ವರ್ ಮಹಾರಾಜರು ಮೂರನೆಯ ದೋಣಿಯಲ್ಲಿ ವಾಂತಿ ಮಾಡಿಕೊಳ್ಳುತ್ತ ಬಂದರು. ಮೀನಿನ ಹೆಂಗಸೊಬ್ಬಳು ಬಿಸಿ ಸಾರು ಕೊಟ್ಟಳು. ಆಮೇಲೆ ಮಗಳನ್ನೂ ಕೊಟ್ಟಳು."

ರಾಜನ ಕಣ್ಣು ಫಳಕ್ಕೆಂದಿತು. "ಹಾಗಾದರೆ ಆ ದಡ ನಮ್ಮ ಅಜ್ಜಿಯ ತವರು! ನನಗೂ ಹಕ್ಕಿದೆ!"

"ಇದೆ ಪ್ರಭು, ಉಣ್ಣುವ ಹಕ್ಕು. ಅಜ್ಜಿಯ ತವರಿಗೆ ಹೋದವರು ಉಂಡು ಬರುತ್ತಾರೆ, ಅಡುಗೆಮನೆ ಕೆಡವಿ ಬಚ್ಚಲು ಕಟ್ಟಿಸುವುದಿಲ್ಲ."

ರಾಜ ನಕ್ಕ ನಗೆಗೆ ಕಿರೀಟ ಜಾರಿ ಮಡಿಲಿಗೆ ಬಿತ್ತು. ಹಳೆಯ ಚರಿತ್ರೆಯನ್ನೇ ಸಭೆಯಲ್ಲಿ ಓದಿಸಿದ. ಅಂದು ಸಂಜೆ ದಡಕ್ಕೆ ಹೋಗಿ, ರಗ್ನಾಳ ಅಕ್ಕನ ಕೈಯಿಂದ ಮೂರು ಬಟ್ಟಲು ಸಾರು ಕುಡಿದು ಬಂದ.