ಅವ್ವನವರು ಹಾಲು ಬೇಡವೆಂದ ದಿನ

ಮಲಪ್ರಭೆಯ ದಂಡೆಯ ಹಿರೇಬೆಣಕಿ ಎಂಬ ಪುಟ್ಟ ಊರಿನಲ್ಲಿ ಮಾತೋಶ್ರೀ ನೀಲಗಂಗವ್ವನವರು ನೆಲೆಸಿದ್ದ ಕಾಲದ ಮಾತಿದು. ಅವರ ಮಠವೆಂದರೆ ಮಣ್ಣಿನ ಮಾಳಿಗೆಯ ಎರಡು ಕೋಣೆ, ಮುಂದೊಂದು ಪಡಸಾಲೆ, ಹಿತ್ತಲಲ್ಲಿ ತಾವೇ ನೀರೆರೆದು ಬೆಳೆಸಿದ ಹೀರೆಯ ಚಪ್ಪರ. ಬೇರೆ ಗದ್ದುಗೆ ಎಂಬುದಿರಲಿಲ್ಲ. ಭಕ್ತರು ಬಂದಾಗ ಅವ್ವನವರು ಎಲ್ಲಿ ಕುಳಿತಿರುತ್ತಿದ್ದರೋ ಅದೇ ಗದ್ದುಗೆ.

ಒಂದು ಬೇಸಿಗೆಯಲ್ಲಿ ಅವರನ್ನು ಕಾಣಲು ಅಡಿವೆಯ್ಯ ಗವಾಯಿಗಳು ಬಂದರು. ಆ ಸೀಮೆಯಲ್ಲಿ ಅವರ ಕೀರ್ತನೆ ಕೇಳದವರಿರಲಿಲ್ಲ. ಶರಣರ ಕಥೆ ಹೇಳುತ್ತ ಹೇಳುತ್ತ ತಾರಸ್ಥಾಯಿಗೆ ಏರಿದರೆಂದರೆ ತೊಟ್ಟಿಲ ಮಕ್ಕಳೂ ಅಳು ನಿಲ್ಲಿಸುತ್ತಿದ್ದವಂತೆ. ಅಂಥವರ ದನಿ ಈಗ ಒಡೆದ ಮಡಕೆಯಂತಾಗಿತ್ತು. ಬೆಳಗ್ಗೆ ಎದ್ದರೆ ಗಂಟಲು ಕಟ್ಟಿರುತ್ತಿತ್ತು, ಎದೆ ಉರಿಯುತ್ತಿತ್ತು, ಹುಳಿತೇಗು ಬಾಯಿಗೇ ಬರುತ್ತಿತ್ತು. ಮಲಗಿದರೆ ಕೆಮ್ಮು. ದನಿ ತಿಳಿಯಾಗಲೆಂದು ಅವರು ದಿನವೂ ಮೆಣಸಿನ ಕಷಾಯ ಕುಡಿದರು, ಚಹಾದ ಮೇಲೆ ಚಹಾ ಕುಡಿದರು. ಉರಿ ಇನ್ನಷ್ಟು ಹೆಚ್ಚಿತು.

ಅಡಿವೆಯ್ಯನವರಿಗೆ ಒಂದೇ ಅನುಮಾನ. ನೆರೆಯೂರಿನ ಇನ್ನೊಬ್ಬ ಗಾಯಕ ತಮಗೆ ಮಾಟ ಮಾಡಿಸಿದ್ದಾನೆ ಎಂದು. ಅವ್ವನವರು ಒಂದು ತಾಯತ ಕಟ್ಟಿದರೆ ಸಾಕು, ಶ್ರಾವಣದ ಹೊತ್ತಿಗೆ ದನಿ ಮರಳುತ್ತದೆ. ಇಲ್ಲದಿದ್ದರೆ ಕೀರ್ತನೆಗೆ ಕರೆಯುವ ಮನೆಗಳೆಲ್ಲ ಬೇರೊಬ್ಬರನ್ನು ಹುಡುಕಿಕೊಳ್ಳುತ್ತವೆ ಎಂದು ಅವರು ಕಣ್ಣೀರಿಟ್ಟರು.

ಕಾಳು ಆರಿಸುತ್ತಿದ್ದ ಅವ್ವನವರು ಮೊರ ಬದಿಗಿಟ್ಟು, ಡಾಕ್ಟರಿಗೆ ತೋರಿಸಿದ್ದುಂಟೇ ಎಂದು ಕೇಳಿದರು. ತೋರಿಸಿದ್ದರು. ಡಾಕ್ಟರು ಗಂಟಲೊಳಗೆ ನೋಡಿ, ಹೊಟ್ಟೆಯ ಹುಳಿ ಮೇಲೆ ಬಂದು ಗಂಟಲು ಸುಡುತ್ತಿದೆ ಎಂದು ಗುಳಿಗೆ ಕೊಟ್ಟಿದ್ದರು. ಉಂಡ ಕೂಡಲೇ ಮಲಗಬೇಡಿ, ಖಾರ, ಕರಿದದ್ದು, ಚಹಾ ಬಿಡಿ ಎಂದೂ ಹೇಳಿದ್ದರು. ಅಡಿವೆಯ್ಯನವರು ಗುಳಿಗೆಯನ್ನಷ್ಟೇ ನುಂಗಿದ್ದರು. ಮಿಕ್ಕದ್ದು ಸಾಧ್ಯವಿರಲಿಲ್ಲ. ಕೀರ್ತನೆ ಮುಗಿಯುವುದು ನಡುರಾತ್ರಿಗೆ. ಆಮೇಲೆ ಮನೆಯವರು ಮಿರ್ಚಿ, ಹೋಳಿಗೆ, ಎಣ್ಣೆಗಾಯಿ ಬಡಿಸಿ, ಉಣ್ಣುವವರೆಗೂ ಎದುರಿಗೇ ನಿಂತಿರುತ್ತಿದ್ದರು. ಉಂಡೊಡನೆ ಅಲ್ಲೇ ಹಾಸಿಗೆ.

ಎಲ್ಲ ಕೇಳಿ ಅವ್ವನವರು, “ನಿನಗ ಮಾಟ ಮಾಡಿದವರು ಯಾರಂತ ನನಗ ಗೊತ್ತಾತು” ಎಂದರು.

ಅಡಿವೆಯ್ಯನವರು ಮುಂದೆ ಬಾಗಿದರು.

“ನಿನ್ನ ಮ್ಯಾಲಿನ ಪ್ರೀತಿಗೆ ನಡುರಾತ್ರಿ ಬಡಿಸಾವರು” ಎಂದು ಅವ್ವನವರು ನಕ್ಕು ಮತ್ತೆ ಮೊರ ಎತ್ತಿಕೊಂಡರು.

ಗವಾಯಿಗಳಿಗೆ ಸಮಾಧಾನವಾಗಲಿಲ್ಲ. ದೊಡ್ಡ ತಾಯಿಯೆಂದು ಇಷ್ಟು ದೂರ ಬಂದರೆ ಇವರೂ ಡಾಕ್ಟರ ಮಾತನ್ನೇ ಆಡುತ್ತಾರಲ್ಲ ಎಂದು ಮನಸ್ಸು ಮುದುಡಿತು. ಆದರೆ ಮಠದಲ್ಲಿ ಕೆಲವು ದಿನ ಇದ್ದು ಹೋಗು ಎಂದ ಅವ್ವನವರ ಮಾತನ್ನು ಮೀರುವ ಧೈರ್ಯವಿರಲಿಲ್ಲ.

ಉಳಿದರು. ಹೊತ್ತು ಮುಳುಗುವ ಮೊದಲೇ ಊಟ. ರೊಟ್ಟಿ, ಹೀರೇಕಾಯಿ ಪಲ್ಯ, ಹೆಸರುಬೇಳೆಯ ತೊವ್ವೆ, ಒಮ್ಮೊಮ್ಮೆ ಜೋಳದ ನುಚ್ಚು. ಹೊಟ್ಟೆಯಲ್ಲಿ ಇನ್ನೂ ಸ್ವಲ್ಪ ಜಾಗವಿರುವಾಗಲೇ ಏಳಬೇಕು. ಉಂಡ ಮೇಲೆ ಹೊಳೆಯ ದಂಡೆಯವರೆಗೆ ನಡೆದು ಬರಬೇಕು. ಮಂಚದ ತಲೆಯ ಕಡೆಯ ಕಾಲುಗಳಿಗೆ ಅವ್ವನವರು ಇಟ್ಟಿಗೆ ಇಡಿಸಿದ್ದರು. ಮೊದಲ ರಾತ್ರಿ ಗವಾಯಿಗಳು ಜಾರಿ ಜಾರಿ ಕಾಲ ಕಡೆಗೆ ಬಂದು ಬಿದ್ದರಂತೆ. ಬೆಳಗ್ಗೆ ಅದನ್ನು ಕೇಳಿ ಅವ್ವನವರು ಬಹಳ ನಕ್ಕರು. ಇಟ್ಟಿಗೆಯನ್ನು ಮಾತ್ರ ತೆಗೆಸಲಿಲ್ಲ.

ಎಲ್ಲರಿಗೂ ಎಲ್ಲವೂ ಒಂದೇ ಅಲ್ಲ, ಉಂಡ ಮೇಲೆ ಏನಾಗುತ್ತದೆಂದು ನೀನೇ ನೋಡಿಕೋ ಎಂದು ಅವರು ಹೇಳುತ್ತಿದ್ದರು. ಅಡಿವೆಯ್ಯನವರು ನೋಡಿಕೊಂಡರು. ಮೊಸರಿನಿಂದ ಏನೂ ಆಗುತ್ತಿರಲಿಲ್ಲ. ಟೊಮೆಟೊ ಸಾರು ಉಂಡ ದಿನ ಹುಳಿತೇಗು ತಪ್ಪುತ್ತಿರಲಿಲ್ಲ. ಚಹಾ ಬಿಟ್ಟಾಗ ತಲೆ ಸಿಡಿಯಿತು, ಯಾರ ಜೊತೆಗೂ ಮಾತಾಡಲಿಲ್ಲ, ಬೇಸಿಗೆಯನ್ನೂ ಬೈದರು. ಕ್ರಮೇಣ ಅದೂ ಹೋಯಿತು. ಮುಂಗಾರಿನ ಮೋಡ ಕಟ್ಟುವ ಹೊತ್ತಿಗೆ ಒಂದು ಬೆಳಗ್ಗೆ ಹೊಳೆಯಲ್ಲಿ ಮಿಂದು ಸುಮ್ಮನೆ ದನಿ ತೆಗೆದರು. ಷಡ್ಜ ಕದಲದೆ ನಿಂತಿತು. ಒದ್ದೆ ಧೋತರದಲ್ಲೇ ಮಠಕ್ಕೆ ಓಡಿ ಬಂದು ಅವ್ವನವರ ಪಾದ ಹಿಡಿದರು.

ಆಗ ಅವರು ಇನ್ನೊಂದು ಬೇಡಿಕೆ ಇಟ್ಟರು. ಶ್ರಾವಣ ಬಂತು, ಮನೆಮನೆಯಲ್ಲೂ ಬಡಿಸಲು ನಿಲ್ಲುತ್ತಾರೆ, ಬೇಡವೆನ್ನಲು ಬಾಯಿ ಬರುವುದಿಲ್ಲ. ಯಾವುದಾದರೊಂದು ವ್ರತ ಕೊಡಿ, ಗುರುವಿನ ಆಣೆ ಎಂದರೆ ಯಾರೂ ಒತ್ತಾಯ ಮಾಡುವುದಿಲ್ಲ ಎಂದರು.

ಅವ್ವನವರು ಒಪ್ಪಲಿಲ್ಲ. “ಹೊಟ್ಟಿ ಮಾತು ಹೇಳಾಕ ದೇವರ ಹೆಸರು ಯಾಕ? ನನಗ ಆಗಿಬರೂದಿಲ್ಲ ಅನ್ನು. ಅಷ್ಟ ಸಾಕು.”

ಶ್ರಾವಣದ ಕಡೆಯ ಸೋಮವಾರ ಹತ್ತಿರದ ದೇಸಾಯರ ವಾಡೆಯಲ್ಲಿ ಪ್ರತಿವರ್ಷ ದಾಸೋಹ. ಮಧ್ಯಾಹ್ನ ಪ್ರಸಾದ, ಸಂಜೆ ಅಡಿವೆಯ್ಯನವರ ಕೀರ್ತನೆ. ಅವ್ವನವರೂ ಬರುತ್ತಿದ್ದರು. ಆ ಮನೆಯ ಸೊಸೆ ಶರಣವ್ವ ದೇಸಾಯಿಯವರ ಕೈ ದೊಡ್ಡದು. ತಮ್ಮ ಪಂಕ್ತಿಯಿಂದ ಯಾರೂ ಬೇಡವೆಂದು ಎದ್ದದ್ದಿಲ್ಲ ಎಂಬುದು ಅವರ ಹೆಮ್ಮೆ.

ಅಂದು ಶರಣವ್ವನವರು ತುಪ್ಪ ಸುರಿದ ಹೋಳಿಗೆ ಹಿಡಿದು ಗವಾಯಿಗಳ ಮುಂದೆ ನಿಂತರು. ಅಡಿವೆಯ್ಯನವರು ಅದಾಗಲೇ ಒಂದನ್ನು ಉಂಡಿದ್ದರು. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ಸಾವಿರಾರು ಜನರೆದುರು ಹಾಡಿದ ಆ ಮನುಷ್ಯ ನಡುಗುವ ದನಿಯಲ್ಲಿ ಹೇಳಿದರು: “ಯವ್ವಾ, ಇನ್ನ ಬ್ಯಾಡ. ನನಗ ಆಗಿಬರೂದಿಲ್ಲ.”

ಪಂಕ್ತಿಯವರೆಲ್ಲ ಇತ್ತ ತಿರುಗಿದರು. ಶರಣವ್ವನವರ ಮುಖ ಕೆಂಪಾಯಿತು. ಪ್ರಸಾದ ಬೇಡ ಅನ್ನುವುದು ಧರ್ಮವೇ, ನೀವೇ ಹೇಳಿ ಎಂದು ಅವರು ಅವ್ವನವರ ಕಡೆ ತಿರುಗಿದರು. ಅವ್ವನವರ ಮುಂದೆ ಎಂದಿನಂತೆ ಕೆನೆಗಟ್ಟಿದ ಹಾಲಿನ ಬೆಳ್ಳಿ ಬಟ್ಟಲಿತ್ತು. ಅದು ಶರಣವ್ವನವರು ಪ್ರತಿವರ್ಷ ತಮ್ಮ ಕೈಯಾರೆ ಕಾಸಿ ಕೊಡುತ್ತಿದ್ದ ಸೇವೆ. ಅವ್ವನವರು ಬಟ್ಟಲನ್ನು ಎರಡು ಕೈಯಲ್ಲಿ ಎತ್ತಿ ಹಣೆಗೆ ಮುಟ್ಟಿಸಿ ಕೆಳಗಿಟ್ಟರು.

“ಶರಣವ್ವಾ, ನನಗೂ ಹಾಲು ಆಗಿಬರೂದಿಲ್ಲ.”

ಶರಣವ್ವನವರು ಬಟ್ಟಲನ್ನೂ ಅವ್ವನವರನ್ನೂ ನೋಡಿದರು. “ಹೋದ ವರ್ಷ ಕುಡದ್ರಲ್ಲ, ಅವ್ವಾರ?”

“ಕುಡದೆ. ಆಮ್ಯಾಲೆ ಹೊಟ್ಟಿ ಉಬ್ಬರಿಸಿ ಪೂಜಿಗೆ ಕೂಡಾಕ ಆಗಲಿಲ್ಲ. ನೀ ಬ್ಯಾಸರ ಮಾಡ್ಕೋತಿ ಅಂತ ಹೇಳಿರಲಿಲ್ಲ. ಈ ಅಡಿವೆಯ್ಯಗ ಖರೇ ಹೇಳು ಅಂತ ಕಲಿಸಿದಾಕಿ, ನಾನ ಹೇಳಿರಲಿಲ್ಲ. ಇವತ್ತ ಅವನಿಂದ ಕಲತೆ.”

ಇಷ್ಟು ಹೇಳಿ ಅವ್ವನವರು ಮಗುವಿನಂತೆ ನಕ್ಕರು. ಆ ನಗುವಿಗೆ ಕಟ್ಟೆ ಒಡೆದಂತಾಯಿತು. ಪಂಕ್ತಿಯ ತುದಿಯಲ್ಲಿ ಕುಳಿತಿದ್ದ ಹಿರಿಯ ದೇಸಾಯರು, ಶರಣವ್ವನವರ ಮಾವ, ಮೆಲ್ಲಗೆ ಕೆಮ್ಮಿ, ತಮಗೂ ಬಹಳ ವರ್ಷದಿಂದ ಕಡ್ಲಿಬ್ಯಾಳಿ ಒಗ್ಗುವುದಿಲ್ಲ, ಹಬ್ಬ ಬಂತೆಂದರೆ ಎದೆ ನಡುಗುತ್ತದೆ ಎಂದರು. ಪಕ್ಕದವರೊಬ್ಬರು ಬದನೆಕಾಯಿ ತಿಂದರೆ ಮೈಯೆಲ್ಲ ತುರಿಸುತ್ತದೆ ಎಂದರು. ಇನ್ನೊಬ್ಬರು ಶೇಂಗಾ ಎಂದರು. ಯಾರು ಏನನ್ನು ಹೇಗೆ ಮುಚ್ಚಿಟ್ಟುಕೊಂಡು ಉಂಡಿದ್ದರೆಂದು ಹೇಳಿಕೊಳ್ಳುವುದರಲ್ಲಿ ಪಂಕ್ತಿಗೆ ಪಂಕ್ತಿಯೇ ನಗತೊಡಗಿತು.

ಶರಣವ್ವನವರ ಕಣ್ಣಲ್ಲಿ ಮಾತ್ರ ನೀರು. ಇಷ್ಟು ವರ್ಷ ಎಲ್ಲರಿಗೂ ಸಂಕಟವನ್ನೇ ಬಡಿಸಿದೆನೇ ಎಂದು ಅವರು ಕೇಳಿದರು. ಅವ್ವನವರು ಅವರನ್ನು ಹತ್ತಿರ ಕರೆದು ಬೆನ್ನು ಸವರಿದರು.

“ಬಡಿಸಿದ್ದು ಪ್ರೀತೀನ ಮಗಳ. ಬಡಿಸೂ ಮುಂದ ಎಲಿ ನೋಡ್ತಿದ್ದಿ. ಇನ್ನ ಮುಂದ ಉಣ್ಣಾವರ ಮುಖ ನೋಡು.”

ಶರಣವ್ವನವರು ಸೆರಗಿನಿಂದ ಕಣ್ಣೊರೆಸಿಕೊಂಡು ನೇರವಾಗಿ ಮಾವನವರ ಬಳಿ ಹೋದರು. ನಿಮಗೇನು ಬೇಕೆಂದು ಕೇಳಿದರು. ಮುದುಕರು ಸಂಕೋಚದಿಂದ ನುಚ್ಚು, ಮಜ್ಜಿಗೆ ಎಂದರು. ಆ ವಾಡೆಯ ಹಬ್ಬದ ಎಲೆಯ ಮೇಲೆ ಮೊದಲ ಸಲ ನುಚ್ಚು ಬಿತ್ತು. ಹಿರಿಯ ದೇಸಾಯರು ಅದನ್ನು ಉಂಡ ಪರಿಯನ್ನು ನೋಡುತ್ತ ಸೊಸೆ ಅಲ್ಲೇ ಕುಳಿತುಬಿಟ್ಟರು.

ಒತ್ತಾಯವಿಲ್ಲದ್ದರಿಂದ ಅಂದು ಊಟ ಬೇಗ ಮುಗಿಯಿತು. ಸಂಜೆ ಪಡಸಾಲೆಯಲ್ಲಿ ಅಡಿವೆಯ್ಯನವರು ತಂಬೂರಿಗೆ ದನಿ ಕೂಡಿಸುವಾಗ ಮುಂದಿನ ಸಾಲಿನಲ್ಲೇ ಶರಣವ್ವನವರು ಕುಳಿತಿದ್ದರು. ಮದುವೆಯಾಗಿ ಬಂದಂದಿನಿಂದ ಅವರು ಈ ಕೀರ್ತನೆಯನ್ನು ಅಡುಗೆಮನೆಯಿಂದ, ಪಾತ್ರೆಗಳ ಸದ್ದಿನ ನಡುವೆ, ತುಣುಕು ತುಣುಕಾಗಿ ಕೇಳಿದ್ದಷ್ಟೇ. ಗವಾಯಿಗಳ ದನಿ ಹತ್ತಿ ಹತ್ತಿ ಮೇಲಿನ ಷಡ್ಜದಲ್ಲಿ ನಿಂತಾಗ ಶರಣವ್ವನವರು ಪಕ್ಕದಲ್ಲಿದ್ದ ಅವ್ವನವರ ಕೈ ಹಿಡಿದುಕೊಂಡು ಪಿಸುನುಡಿದರು:

“ಇವರು ಇಷ್ಟು ಛಲೋ ಹಾಡ್ತಾರಂತ ನನಗ ಗೊತ್ತಽ ಇರಲಿಲ್ಲ, ಅವ್ವಾರ.”