ಹೆರಿಗೆ ಮನೆಯ ಮಾಳಿಗೆ

"ಅಜ್ಜಾರ, ದಾಸೋಹದ ಮನೀ ಖರ್ಚೆಲ್ಲಾ ತಾನ ಹಾಕತೇನಿ ಅಂತಾನ ಒಬ್ಬ ವ್ಯಾಪಾರಿ. ಬಾಗಿಲ ಮ್ಯಾಲೆ ತನ್ನ ಹೆಸರು ಇರಬೇಕಂತ. ಕೊಟ್ಟರ ನಮ್ಮ ಗಂಟೇನು ಹೋಗತೈತಿ?"

ಮಠದ ಗುರುಗಳನ್ನು ಹೀಗೆ ಕೇಳಿದವನು ಗದಿಗಯ್ಯ. ಕಟ್ಟುತ್ತಿದ್ದ ದಾಸೋಹದ ಮನೆ ಎರಡು ವರ್ಷದಿಂದ ಅರ್ಧಕ್ಕೇ ನಿಂತಿತ್ತು. ಜೋಳಿಗೆ ಹಿಡಿದು ಮನೆ ಮನೆ ತಿರುಗಿ ಅವನಿಗೆ ಸಾಕುಸಾಕಾಗಿತ್ತು. ಹೂಂ ಎನ್ನಲಿ ಎಂದೇ ಬಂದಿದ್ದ. ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಹೆರಿಗೆ ಮನೆಯಿತ್ತು. ಒಬ್ಬ ಸೂಲಗಿತ್ತಿ ಅದನ್ನು ನೋಡಿಕೊಳ್ಳುತ್ತಿದ್ದಳು. ಆ ಸೀಮೆಯ ಎಲ್ಲ ಮನೆಗಳಂತೆ ಅದಕ್ಕೂ ಸೂರಾಗಿ ಮಣ್ಣಿನ ಮಾಳಿಗೆ, ವರ್ಷವರ್ಷ ಹೊಸ ಮಣ್ಣು ಬೀಳದಿದ್ದರೆ ಸೋರುವಂಥದ್ದು. ಪ್ರತಿ ವರ್ಷ ಮೃಗಶಿರ ಮಳೆಗೆ ಮೊದಲು ಮನೆಗೊಂದು ಬುಟ್ಟಿ ಮಣ್ಣು ಬರುತ್ತಿತ್ತು. ಜನ ತಾವೇ ಹತ್ತಿ, ಹರಡಿ, ತುಳಿದು ಗಟ್ಟಿಮಾಡಿ ಇಳಿಯುತ್ತಿದ್ದರು. ಯಾರೂ ಕರೆಯಬೇಕಾಗಿರಲಿಲ್ಲ.

ಗೋಡೆ ಬಿರುಕುಬಿಟ್ಟಾಗ ಒಬ್ಬ ಸಾಹುಕಾರ ಮುಂದೆ ಬಂದ. ಕಲ್ಲಿನ ಗೋಡೆ ಕಟ್ಟಿಸಿದ, ಸಾಗವಾನಿ ಬಾಗಿಲು ಇಡಿಸಿದ, ಬಾಗಿಲ ಮೇಲೆ ತನ್ನ ಹೆಸರಿನ ಕಲ್ಲು ಕೂರಿಸಿದ. ಮಾಳಿಗೆ ಮಾತ್ರ ಮೊದಲಿನಂತೆ ಮಣ್ಣಿನದೇ. ಜಿಪುಣನಲ್ಲ, ಕೆಟ್ಟವನೂ ಅಲ್ಲ. ಊರು ಅವನಿಗೆ ಹಾರ ಹಾಕಿತು.

ಮಳೆಗಾಲ ಹತ್ತಿರ ಬಂತು. ಒಂದು ಬುಟ್ಟಿಯೂ ಬರಲಿಲ್ಲ. ಸೂಲಗಿತ್ತಿ ಒಬ್ಬ ರೈತನ ಮನೆಗೆ ಹೋಗಿ ಕೇಳಿದಳು. ಅವನು ಕೈಮುಗಿದೇ ಹೇಳಿದ: "ಯವ್ವಾ, ಅಲ್ಲಿ ಸಾಹುಕಾರ್ರ ಹೆಸರೈತಿ. ಅದರ ಮ್ಯಾಲೆ ಹತ್ತಿ ಹೆಂಗ ತುಳಿಯೂದು? ತಪ್ಪಾಗತೈತಿ."

ಅವಳು ಸಾಹುಕಾರನ ಅಂಗಡಿಗೆ ಹೋದಳು. "ಮಣ್ಣು ಹಾಕೂದು ಮೊದಲಿಂದ ಊರವರ ಕೆಲಸ ಅಲ್ಲೇನು? ಹಾಕ್ತಾರ ತಗೋ," ಎಂದು ಅವನು ನಕ್ಕ. ಅವನ ಮಾತೂ ಸುಳ್ಳಲ್ಲ.

ಮಳೆ ಯಾರ ಮರ್ಯಾದೆಯನ್ನೂ ನೋಡಲಿಲ್ಲ. ಮೂರನೆಯ ದಿನ ಮಾಳಿಗೆ ಧಾರಾಕಾರ ಸೋರಿತು. ಹೆತ್ತು ಎರಡೇ ದಿನವಾಗಿದ್ದ ಬಾಣಂತಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಪಕ್ಕದ ಕೊಟ್ಟಿಗೆಗೆ ಹೋದಳು. ಥಂಡಿ ಹತ್ತಿ ಕೂಸು ತೀರಿಕೊಂಡಿತು.

ಸಾಹುಕಾರ ಅತ್ತ. ಹೆಸರಿನ ಕಲ್ಲನ್ನು ಕೀಳಿಸಿದ. ಆದರೂ ಮರುವರ್ಷವೂ ಬುಟ್ಟಿ ಬರಲಿಲ್ಲ. ಸಾಹುಕಾರರ ಹೆರಿಗೆ ಮನೆ ಎಂಬುದು ಜನರ ಬಾಯಲ್ಲಿ ಕೂತುಬಿಟ್ಟಿತ್ತು.

ಗದಿಗಯ್ಯನಿಗೆ ಸಂಕಟವಾಯಿತು. ತಪ್ಪು ಯಾರದೆಂದು ಗೊತ್ತಾದರೆ ಮನಸ್ಸು ಹಗುರಾದೀತು ಅನ್ನಿಸಿತು. "ಆ ಸಾಹುಕಾರ ಹೆಸರಿನ ಆಸೆ ಬಿಟ್ಟಿದ್ದರ ಕೂಸು ಉಳೀತಿತ್ತು, ಹೌದಲ್ರಿ?" ಎಂದ.

ಗುರುಗಳು ಹೇಳಿದ್ದು ಒಂದೇ ಮಾತು.

"ಅವ ಕೇಳಿದ್ದು ಬರೇ ಹೆಸರು, 'ನಮ್ಮದು' ಅನ್ನೂದನ್ನ ಊರು ತಾನಾಗೇ ಕೊಟ್ಟುಬಿಡ್ತು."